ಗಡಿಯಾರದೊಳಗಿನ ಚೀಟಿ

ಗಡಿಯಾರ ರಿಪೇರಿ ಅಂಗಡಿಯಲ್ಲಿ ನಿಂತು ಈಗ ಗಂಟೆ ಎಷ್ಟು ಎಂದು ತಿಳಿದುಕೊಳ್ಳುವುದು ಕಷ್ಟದ ಕೆಲಸ. ಅಣ್ಣತಮ್ಮಂದಿರ ಆ ಅಂಗಡಿಯ ಗೋಡೆಯ ಮೇಲೆ ಇಪ್ಪತ್ತಾರು ಗಡಿಯಾರಗಳಿದ್ದವು, ಇಪ್ಪತ್ತಾರೂ ತಮಗೆ ತೋಚಿದ ಅಭಿಪ್ರಾಯವನ್ನು ಗಟ್ಟಿಯಾಗಿ ಹೇಳುತ್ತಿದ್ದವು. ಗಿರಾಕಿಗಳು ಒಳಗೆ ಬಂದು, ಸುತ್ತ ಕಣ್ಣಾಡಿಸಿ, ಕೊನೆಗೆ ಜೇಬಿನಿಂದ ಮೊಬೈಲು ತೆಗೆದು ನೋಡಿಕೊಳ್ಳುತ್ತಿದ್ದರು. ತಮ್ಮನಿಗೆ ಇದೊಂದು ಅವಮಾನ. ಅಣ್ಣನಿಗೆ ಏನೂ ಅನ್ನಿಸುತ್ತಿರಲಿಲ್ಲ. ಅವನು ಗಿರಾಕಿಗಳ ಮುಖ ನೋಡಿ ವರ್ಷಗಳೇ ಆಗಿದ್ದವು.

ಅಂಗಡಿ ರೈಲು ಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದೆ ಗಾಜಿನ ಕೌಂಟರು, ಅಲ್ಲಿ ತಮ್ಮ. ಅವನ ಬೆನ್ನ ಹಿಂದೆ ಹಲಗೆಯ ಅಡ್ಡಗೋಡೆ. ಅದರಾಚೆ ದೊಡ್ಡ ಕಿಟಕಿಯ ಬೆಳಕಿಗೆ ಹಾಕಿದ ಉದ್ದನೆಯ ಮೇಜು, ಅಪ್ಪನ ಕಾಲದಲ್ಲಿ ಐದು ಜನ ಸಾಲಾಗಿ ಕೂತು ಕೆಲಸ ಮಾಡುತ್ತಿದ್ದದ್ದು. ಈಗ ಅದರ ಒಂದು ಮೂಲೆಯಲ್ಲಿ ಅಣ್ಣ ಒಬ್ಬನೇ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಯಾವುದಾದರೂ ಗೋಡೆ ಗಡಿಯಾರದ ಹೊಟ್ಟೆ ಬಿಚ್ಚಿ ಹರಡಿಕೊಂಡು ಕೂತಿರುತ್ತಿದ್ದ. ಬೀದಿಯವರು ಅಣ್ಣನಿಗೆ ಚಿಮುಟ ಎಂದೂ ತಮ್ಮನಿಗೆ ರೇಡಿಯೋ ಎಂದೂ ಹೆಸರಿಟ್ಟಿದ್ದರು. ಎರಡರಲ್ಲೂ ಪ್ರೀತಿಯಿತ್ತು, ಎರಡನೆಯದರಲ್ಲಿ ಸ್ವಲ್ಪ ದಣಿವೂ ಇತ್ತು.

ತಮ್ಮನ ಲೆಕ್ಕದಲ್ಲಿ ಅಂಗಡಿ ನಡೆಯುತ್ತಿದ್ದದ್ದು ಅವನ ನಾಲಿಗೆಯಿಂದ. ಪಕ್ಕದ ಬೀದಿಯ ಮೂರು ರಿಪೇರಿ ಅಂಗಡಿಗಳು ಮುಚ್ಚಿ, ಒಂದರಲ್ಲಿ ಮೊಬೈಲು, ಒಂದರಲ್ಲಿ ಹಣ್ಣಿನ ರಸ, ಒಂದರಲ್ಲಿ ಮತ್ತೆ ಮೊಬೈಲು ಬಂದಿದ್ದರೂ, ಇವರ ಕಪಾಟಿನಲ್ಲಿ ಮಾತ್ರ ಸರದಿ ಕಾಯುವ ಗಡಿಯಾರಗಳು ಕಮ್ಮಿಯಾಗಿರಲಿಲ್ಲ. ಅದರಲ್ಲೂ ಕೀಲಿ ಕೊಡುವ, ಲೋಲಕ ತೂಗುವ, ಬೇರೆ ಯಾರೂ ಕೈ ಹಾಕದ ಹಳೆಯ ಗಡಿಯಾರಗಳು. ಅವನ್ನು ತರುತ್ತಿದ್ದವರು ನಾಲ್ಕೈದು ಕಾಯಂ ಗಿರಾಕಿಗಳು. ಉಣ್ಣೆಯ ಟೋಪಿ ಹಾಕಿಕೊಂಡು ತಿಂಗಳಿಗೆ ಮೂರು ಗಡಿಯಾರ ತರುವ ಒಬ್ಬ ಮುದುಕರು, ಇವನ ಬಾಯಲ್ಲಿ ಟೋಪಿ ತಾತ. ಟವೆಲ್ಲಿನಲ್ಲಿ ಗಡಿಯಾರ ಸುತ್ತಿ, ಮಗುವನ್ನು ತಂದಂತೆ ಸ್ಕೂಟರಿನಲ್ಲಿ ತರುವ ಒಬ್ಬ ಹೆಂಗಸು, ಸ್ಕೂಟರ್ ಅಕ್ಕ. ಹೀಗೇ ಇನ್ನಿಬ್ಬರು ಮೂವರು. ಅವರಿಗೆ ಅಷ್ಟೊಂದು ಗಡಿಯಾರ ಎಲ್ಲಿಂದ ಬರುತ್ತವೆ ಎಂದು ಅವನು ಕೇಳಿದವನಲ್ಲ. ಅವನ ಅಭ್ಯಾಸ ಹೇಳುವುದೇ ಹೊರತು ಕೇಳುವುದಲ್ಲ. ಕೆಲವರಿಗೆ ಹಳೆಯ ವಸ್ತುಗಳ ಹುಚ್ಚು ಇರುತ್ತದೆ, ಆ ಹುಚ್ಚಿನವರನ್ನು ತಾನು ಮಾತಿನಲ್ಲಿ ಹಿಡಿದಿಟ್ಟುಕೊಂಡಿದ್ದೇನೆ ಎಂದು ಅವನು ನಂಬಿದ್ದ.

ಅವನಿಗೆ ಅರ್ಥವಾಗದೆ ಇದ್ದದ್ದು ಅಣ್ಣನ ಚೀಟಿ.

ಪ್ರತಿ ಗಡಿಯಾರವನ್ನೂ ಮುಚ್ಚುವ ಮೊದಲು ಅಣ್ಣ ಒಂದು ಸಣ್ಣ ಚೀಟಿ ಬರೆದು, ನಾಲ್ಕಾಗಿ ಮಡಿಸಿ, ಯಂತ್ರದ ಹಿಂಬದಿಯಲ್ಲಿ ಸಿಕ್ಕಿಸುತ್ತಿದ್ದ. ಗಡಿಯಾರದ ಒಡೆಯನಿಗೆ ಅದು ಕಾಣುವುದಿಲ್ಲ. ಯಂತ್ರವನ್ನು ಬಿಚ್ಚಿ ಹೊರಗೆ ತೆಗೆದವನಿಗೆ ಮಾತ್ರ ಕಾಣುತ್ತದೆ. ಅದರಲ್ಲಿ ಇರುತ್ತಿದ್ದದ್ದು ಇಂಥ ಮಾತು: 'ಬಿಚ್ಚುವ ಮೊದಲು ಸ್ಪ್ರಿಂಗಿನ ಬಿಗಿ ಪೂರ್ತಿ ಇಳಿಸಿ. ಹೊಸ ಕೊಕ್ಕೆ ಸಿಗಲಿಲ್ಲ, ಹಳೆಯದನ್ನೇ ಅರೆದು ಕೂರಿಸಿದ್ದೇನೆ, ಅದನ್ನು ನಂಬಬೇಡಿ. ಮೂರನೇ ಚಕ್ರದ ತೂತು ಅಗಲವಾಗಿತ್ತು, ಕಂಚಿನ ಬಳೆ ಹಾಕಿದೆ. ಗಂಟೆ ತಪ್ಪು ಹೊಡೆದರೆ ಮುಳ್ಳು ತಿರುಗಿಸಬೇಡಿ. ಕೆಳಗಿನ ತಂತಿ ಎತ್ತುತ್ತಾ ಹೋಗಿ, ಹೊಡೆದು ಹೊಡೆದು ತಾನೇ ದಾರಿಗೆ ಬರುತ್ತದೆ.'

"ಅಣ್ಣಾ, ಇದನ್ನ ಯಾರಿಗೆ ಬರೆಯೋದು ನೀನು?"

"ಮುಂದೆ ಬಿಚ್ಚೋರಿಗೆ."

"ಮುಂದೆ ಬಿಚ್ಚೋರು ನಾವೇ ಆಗಬೇಕಲ್ವಾ?"

"ನಾನೇ ಆದರೆ ನನಗೆ ಉಪಯೋಗ. ಎಲ್ಲಾ ನೆನಪಿರಲ್ಲ ನನಗೆ."

"ಬೇರೆಯವನಾದರೆ?"

"ಅವನಿಗೆ ಉಪಯೋಗ."

"ಅದೇ ಅಣ್ಣಾ ನಾನು ಹೇಳ್ತಿರೋದು."

"ನಾನೂ ಅದನ್ನೇ ಹೇಳ್ತಿರೋದು" ಎಂದು ಅಣ್ಣ ಚಿಮುಟ ಎತ್ತಿಕೊಂಡ. ಅವನ ಬಳಿ ಚರ್ಚೆ ಮುಗಿಯುವುದು ಯಾವಾಗಲೂ ಹೀಗೆ, ಗೆದ್ದವರು ಯಾರು ಎಂದು ತಿಳಿಯದ ಹಾಗೆ.

ಆ ಬೇಸಿಗೆಯಲ್ಲಿ ಅಣ್ಣನ ಬಲಗಣ್ಣಿನ ಮೂಲೆಯಲ್ಲಿ ಕಪ್ಪು ಪರದೆಯೊಂದು ಇಳಿಯತೊಡಗಿತು. ಅವನು ನಾಲ್ಕು ದಿನ ಭೂತಗನ್ನಡಿ ಒರೆಸಿದ. ಐದನೆಯ ದಿನ ಅತ್ತಿಗೆ ಅವನನ್ನು ಎಳೆದುಕೊಂಡು ಕಣ್ಣಿನ ಡಾಕ್ಟರ ಬಳಿಗೆ ಹೋದಳು. ಆಪರೇಷನ್ ಆಯಿತು. ಹತ್ತು ದಿನ ಮುಖ ಕೆಳಗೆ ಮಾಡಿಯೇ ಮಲಗಿರಬೇಕು, ಆಮೇಲೆ ಮೂರು ತಿಂಗಳು ಸೂಕ್ಷ್ಮ ಕೆಲಸ ಮುಟ್ಟಬಾರದು ಎಂದರು. ಮಾತಾಡದೆ ಇರಬೇಕು ಎಂದಿದ್ದರೆ ಅಣ್ಣನಿಗೆ ಸುಲಭವಾಗುತ್ತಿತ್ತು. ಕೆಲಸ ಮಾಡದೆ ಇರಬೇಕು ಎಂದದ್ದೇ ಕಷ್ಟವಾಯಿತು.

ಮನೆಯಲ್ಲಿ ಅವನು ಮಂಚದ ಅಂಚಿಗೆ ಹಣೆಯಿಟ್ಟು, ನೆಲವನ್ನು ನೋಡುತ್ತಾ ಬಿದ್ದಿರುತ್ತಿದ್ದ. ಮಾತಾಡಬೇಕೆಂದರೆ ನೆಲದೊಂದಿಗೆ ಮಾತಾಡಬೇಕು. ಅಲ್ಲಿ ಅತ್ತಿಗೆ ಮೈದುನನನ್ನು ಕೂರಿಸಿ ವಿಷಯ ಹೇಳಿದಳು. ಅವಳದ್ದು ಸುತ್ತು ಬಳಸಿಲ್ಲದ ಮಾತು.

"ನೋಡು ಮಹರಾಯ. ನನ್ನ ತಮ್ಮ ಆ ಅಂಗಡಿ ಮೇಲೆ ಕಣ್ಣಿಟ್ಟು ಎರಡು ವರ್ಷ ಆಯ್ತು, ಮೊಬೈಲಿನ ಕವರು ಮಾರ್ತಾನಂತೆ. ಇವರು ಎದ್ದು ಹೋಗಿ ಕೂತಾಗ ಎದುರಿಗೆ ಕೆಲಸ ಇರಬೇಕು. ಕಪಾಟು ತುಂಬಿರಲಿ, ನಾನು ಬಾಯಿ ಬಿಡಲ್ಲ. ಖಾಲಿ ಇತ್ತೋ, ಬೀಗದ ಕೈ ಅವನಿಗೆ ಕೊಟ್ಟುಬಿಡ್ತೀನಿ. ಅರ್ಧ ಕಣ್ಣಲ್ಲಿ ಗಿರಾಕಿ ಹುಡುಕ್ಕೊಂಡು ಅಲೆಯೋದು ಬೇಡ ಇವರು."

"ಅತ್ತಿಗೆ, ಕಪಾಟು ತುಂಬಿಸೋದು ನನ್ನ ಕೆಲಸ. ಇನ್ನೊಂದು ಕಪಾಟು ಮಾಡಿಸಬೇಕಾಗುತ್ತೆ, ನೋಡ್ತಿರಿ."

"ಅದನ್ನೇ ನೋಡ್ತೀನಿ."

"ಚೀಟಿ" ಎಂದಿತು ಮಂಚದ ಕೆಳಗಿನಿಂದ ಅಣ್ಣನ ದನಿ.

"ಹಾಕ್ತೀನಿ ಅಣ್ಣಾ. ನಿನಗಿಂತ ಚೆನ್ನಾಗಿ ಹಾಕ್ತೀನಿ" ಎಂದ ತಮ್ಮ. ಅವನ ಮಟ್ಟಿಗೆ ಅದು ಸುಳ್ಳಲ್ಲ.

ಅವನ ಯೋಚನೆ ಇಷ್ಟು. ಅಣ್ಣ ವರ್ಷಕ್ಕೆ ಇನ್ನೂರು ಗಡಿಯಾರಗಳ ಒಳಗೆ ಕಾಗದ ಇಟ್ಟು ಕಳಿಸುತ್ತಾನೆ. ಇನ್ನೂರು ಮನೆಗಳ ಗೋಡೆಯ ಮೇಲೆ ಅಂಗಡಿಯ ಕಾಗದ. ಅದರಲ್ಲಿ ಅಂಗಡಿಯ ಹೆಸರೇ ಇಲ್ಲ. ಹೆಸರಿಲ್ಲದ ಕಾಗದವನ್ನು, ಯಾರಿಗೂ ಕಾಣದ ಜಾಗದಲ್ಲಿ, ಪೈಪೋಟಿಯವನಿಗೆ ಸಹಾಯವಾಗಲಿ ಎಂದು ಇಡುವ ವ್ಯಾಪಾರಿ ಭೂಮಿಯ ಮೇಲೆ ಇನ್ನೊಬ್ಬನಿರಲಾರ. ಕಾಗದ ಇರಲಿ, ಆದರೆ ಕಾಣುವ ಕಡೆ ಇರಲಿ. ಅವನು ಐನೂರು ಚೀಟಿ ಅಚ್ಚು ಹಾಕಿಸಿದ. ಹಳದಿ ಕಾಗದ, ಕೆಂಪು ಅಕ್ಷರ, ಅಂಗಡಿಯ ಹೆಸರು, ಗಡಿಯಾರದ ಅಂಕಿಗಳಿಗಿಂತ ದಪ್ಪನೆಯ ಫೋನ್ ನಂಬರು. ನಡುವೆ ಅವನೇ ಅರ್ಧ ದಿನ ಕೂತು ರಚಿಸಿದ ವಾಕ್ಯ: 'ನಿಮ್ಮ ಗಡಿಯಾರ ಅಮೂಲ್ಯವಾದುದು. ಕಂಡಕಂಡವರ ಕೈಗೆ ಕೊಟ್ಟು ಕೆಡಿಸಿಕೊಳ್ಳಬೇಡಿ. ಏನೇ ತೊಂದರೆಯಾದರೂ ನೇರವಾಗಿ ನಮ್ಮಲ್ಲಿಗೇ ಬನ್ನಿ.'

ಆಪರೇಷನ್ನಿಗೆ ಹೋಗುವ ಹೊತ್ತಿಗೆ ಅಣ್ಣ ಸರದಿಯಲ್ಲಿದ್ದ ಮೂವತ್ತು ಗಡಿಯಾರಗಳನ್ನೂ ಮುಗಿಸಿಟ್ಟಿದ್ದ. ಟೋಪಿ ತಾತನವು ನಾಲ್ಕು, ಸ್ಕೂಟರ್ ಅಕ್ಕನವು ಐದು, ಉಳಿದ ಕಾಯಂ ಗಿರಾಕಿಗಳವು ಬೇರೆ. ತಮ್ಮ ಮೂವತ್ತಕ್ಕೂ ಚೀಟಿ ಅಂಟಿಸಿದ. ಕೀಲಿ ಕೊಡಲು ಗಾಜಿನ ಬಾಗಿಲು ತೆರೆದರೆ ಎದುರಿಗೇ ಕಾಣುವಂತೆ, ಬಾಗಿಲಿನ ಒಳಮೈಗೆ, ಮರಗೆಲಸದ ಗೋಂದಿನಲ್ಲಿ. ಕಿತ್ತರೂ ಬರಬಾರದು. ವಾರದೊಳಗೆ ಮೂವತ್ತೂ ಹೋದವು. ಅವನು ಕೈ ಉಜ್ಜಿಕೊಂಡು ಕೂತ.

ಮೊದಲ ಎರಡು ವಾರ ಯಾರೂ ಬರಲಿಲ್ಲ, ಅದು ಸಹಜ ಎಂದುಕೊಂಡ. ಮೂರನೆಯ ವಾರ ಟೋಪಿ ತಾತನಿಗೆ ಹುಷಾರಿಲ್ಲವೇನೋ ಎಂದುಕೊಂಡ. ನಾಲ್ಕನೆಯ ವಾರ ಸ್ಕೂಟರ್ ಅಕ್ಕ ಅಂಗಡಿಯ ಮುಂದೆಯೇ ಹಾದುಹೋದಳು, ಟವೆಲ್ಲಿನ ಗಂಟು ಮುಂದೆ ಇಟ್ಟುಕೊಂಡು. ಅವನು ಕೈ ಎತ್ತಿದ. ಅವಳು ರಸ್ತೆಯನ್ನೇ ನೋಡುತ್ತಿದ್ದಳು, ರಸ್ತೆ ಅಷ್ಟು ನೋಡುವಂಥದ್ದೇನೂ ಆಗಿರಲಿಲ್ಲ. ಕಪಾಟಿನಲ್ಲಿ ಎರಡು ಅಲಾರಾಂ, ಒಂದು ಪ್ಲಾಸ್ಟಿಕ್ಕಿನ ಬ್ಯಾಟರಿ ಗಡಿಯಾರ, ಅದೂ ಎದುರು ಮನೆಯವರು ಸಂಕೋಚಕ್ಕೆ ಕೊಟ್ಟದ್ದು. ಇಪ್ಪತ್ತಾರು ಗಡಿಯಾರಗಳ ನಡುವೆ ಒಬ್ಬನೇ ಕೂತಾಗ ಹೊತ್ತು ಹೋಗುವುದಿಲ್ಲ ಎಂಬುದನ್ನು ಅವನು ಜೀವನದಲ್ಲಿ ಮೊದಲ ಸಲ ಗಮನಿಸಿದ. ಮಾತಾಡಲು ಯಾರೂ ಇರಲಿಲ್ಲ.

ಅತ್ತಿಗೆ ಒಂದು ಮಧ್ಯಾಹ್ನ ಬಂದು, ಕಪಾಟಿನ ಕಡೆ ನೋಡಿ, ಬಾಗಿಲಿನ ಅಗಲವನ್ನು ಮೊಳ ಹಾಕಿ ಅಳೆದುಕೊಂಡು ಹೋದಳು.

ಆರನೆಯ ವಾರ ಒಬ್ಬ ಗಿರಾಕಿ ಬಂದರು. ಹಳೆಯ ಗ್ರಂಥಾಲಯವನ್ನು ನೋಡಿಕೊಳ್ಳುವ ಹೆಂಗಸು. ಕೂದಲು ನೆರೆತಿತ್ತು, ಕನ್ನಡಕ ಸರಪಳಿಯಲ್ಲಿ ತೂಗುತ್ತಿತ್ತು, ಮೂವತ್ತು ವರ್ಷ ಪಿಸುಮಾತಿನಲ್ಲಿ ಗದರಿಸಿ ಗದರಿಸಿ ದನಿ ಹಾಗೇ ನಿಂತುಬಿಟ್ಟಿತ್ತು.

"ನಿಮ್ಮ ಸೂಚನೆ ಓದಿದೆ" ಎಂದರು.

"ಯಾವ ಸೂಚನೆ ಮೇಡಂ?"

"ಗಡಿಯಾರದ ಬಾಗಿಲಲ್ಲಿ ಅಂಟಿಸಿದ್ದೀರಲ್ಲ. ಕಂಡಕಂಡವರ ಕೈಗೆ ಕೊಡಬೇಡಿ, ನೇರವಾಗಿ ಬನ್ನಿ ಅಂತ. ನೇರವಾಗಿ ಬಂದಿದ್ದೀನಿ. ನಮ್ಮಲ್ಲಿ ಹನ್ನೊಂದು ಗಡಿಯಾರ ಇವೆ, ಕೋಣೆಗೊಂದು. ಎಲ್ಲಾ ನಿಮಗೇ ಕೊಡೋದು ಅಂತ ತೀರ್ಮಾನ ಮಾಡಿದ್ದೀನಿ. ವರ್ಷಕ್ಕೆರಡು ಸಲ ಬಿಚ್ಚಿ ನೋಡಬೇಕು, ಕಾಯಂ ಕೆಲಸ."

ತಮ್ಮನ ಎದೆ ಲೋಲಕದ ಹಾಗೆ ಒಂದು ಕಡೆಗೆ ಹೋಯಿತು. ಹನ್ನೊಂದು ಗಡಿಯಾರ. ಕಪಾಟು ತುಂಬಿ ಎರಡು ಮಿಗುತ್ತವೆ. ತನ್ನ ಹಳದಿ ಚೀಟಿಯೇ ಗೆದ್ದಿತು.

"ಸರಿಯಾದ ಕಡೆಗೇ ಬಂದಿದ್ದೀರಿ ಮೇಡಂ. ಇದುವರೆಗೂ ಯಾರ ಕೈಗೆ ಕೊಡ್ತಿದ್ರಿ?"

"ಒಬ್ಬರು ಮುದುಕರು. ಇಪ್ಪತ್ತೆರಡು ವರ್ಷದಿಂದ ಅವರೇ ನೋಡ್ಕೊಳ್ತಿದ್ದರು. ಪಾಪ, ಒಳ್ಳೆಯವರೇ. ಯಾವಾಗಲೂ ಒಂದು ಉಣ್ಣೆ ಟೋಪಿ."

ಲೋಲಕ ಇನ್ನೊಂದು ಕಡೆಗೆ ಬಂತು.

"ಟೋಪಿ ಅಂದರೆ..." ಅವನು ಕೈಯಿಂದ ಕಿವಿಯವರೆಗೆ ಎಳೆದು ತೋರಿಸಿದ. "ಹೀಗೆ? ಬೂದು ಬಣ್ಣದ್ದು?"

"ಬಿಸಿಲಲ್ಲೂ ಹಾಕ್ಕೊಂಡೇ ಬರ್ತಾರೆ. ನಾನು ನಿಮ್ಮ ಸೂಚನೆ ಓದಿ ಹೇಳಿದಾಗ ಟೋಪಿ ಸರಿ ಮಾಡ್ಕೊಂಡು ಹೋದರು. ನನಗೂ ಒಂಥರಾ ಅನ್ನಿಸ್ತು. ಆದರೆ ಅಚ್ಚಾಗಿರೋದನ್ನ ಮೀರೋದು ನನಗೆ ಅಭ್ಯಾಸ ಇಲ್ಲ."

ಎರಡು ದಿನದಲ್ಲಿ ತಿಳಿಸುತ್ತೇನೆ ಎಂದು ಅವನು ಆಕೆಯನ್ನು ಕಳಿಸಿದ. ಅವನ ಜೀವನದ ಅತಿ ಚಿಕ್ಕ ವಾಕ್ಯಗಳಲ್ಲಿ ಅದೊಂದು.

ಅವರಿವರನ್ನು ಕೇಳಿಕೊಂಡು ಹೋದಾಗ ತಾತನ ಅಂಗಡಿ ಸಿಕ್ಕಿದ್ದು ಚಪ್ಪಲಿ ಅಂಗಡಿಯೊಂದರ ಮೆಟ್ಟಿಲಿನ ಕೆಳಗೆ. ತಲೆ ಬಗ್ಗಿಸಿ ಒಳಗೆ ಹೋಗಬೇಕು. ಟೋಪಿಯ ಅರ್ಥ ಅವನಿಗೆ ಆಗ ಹೊಳೆಯಿತು: ಮೆಟ್ಟಿಲಿನ ತಳ ತಲೆಗೆ ತಾಗುವಷ್ಟು ತಗ್ಗು. ತಟ್ಟೆಯಷ್ಟಗಲದ ಮೇಜು, ಅದರ ಮೇಲೊಂದು ಗಾಜು, ಗಾಜಿನ ಕೆಳಗೆ ಸಾಲಾಗಿ, ಇಸ್ತ್ರಿ ಹಾಕಿದಂತೆ ಒತ್ತಿಟ್ಟ ಚೀಟಿಗಳು. ನಾಲ್ಕು ಮಡಿಕೆಯ ಗುರುತಿದ್ದ, ಅಣ್ಣನ ಅಕ್ಷರದ ಚೀಟಿಗಳು. ಐವತ್ತಕ್ಕೆ ಕಡಿಮೆಯಿಲ್ಲ.

ತಾತ ತಲೆ ಎತ್ತಿ ನೋಡಿ, "ಬಾಪ್ಪಾ. ನಾನೇ ಕಂಡಕಂಡವರು. ಕೂತ್ಕೋ" ಎಂದರು.

ಕೂರಲು ಜಾಗವಿರಲಿಲ್ಲ. ಅವನು ಬಗ್ಗಿಯೇ ನಿಂತ.

"ತಾತ, ನೀವು ರಿಪೇರಿಯವರು ಅಂತ ನನಗೆ ಗೊತ್ತಿರಲಿಲ್ಲ."

"ನೀನು ಕೇಳಲಿಲ್ಲ. ಹೇಳೋಣ ಅಂದರೆ ನೀನು ಉಸಿರು ತಗೊಳ್ಳೋ ಹೊತ್ತಿಗೆ ನನ್ನ ಬಸ್ಸು ಬಂದುಬಿಡ್ತಿತ್ತು."

"ಆ ಸ್ಕೂಟರ್..."

"ಅವಳು ಅವರಪ್ಪನ ಅಂಗಡಿ ನಡೆಸ್ತಾಳೆ, ಹೊಳೆ ಆಚೆ. ಮಿಕ್ಕವರೂ ಅಷ್ಟೇ. ನಿಮ್ಮಣ್ಣನೂ ಸೇರಿ ಒಟ್ಟು ಆರು ಜನ ಉಳಿದಿದ್ದೀವಿ ಈ ಕಸುಬಲ್ಲಿ. ನಮ್ಮ ಕೈಲಿ ಆಗದ್ದನ್ನ ನಿಮ್ಮಣ್ಣನ ಹತ್ತಿರ ತರ್ತಿದ್ದೆವು."

ತಮ್ಮ ಗಾಜಿನ ಕೆಳಗಿನ ಚೀಟಿಗಳನ್ನು ನೋಡಿದ. ಚೀಟಿಯ ಬಗ್ಗೆ ಬಹಳ ದಿನದಿಂದ ಕೊರೆಯುತ್ತಿದ್ದ ಪ್ರಶ್ನೆ ಕೊನೆಗೂ ಕೇಳಬೇಕಾದವರ ಮುಂದೆಯೇ ಬಾಯಿಗೆ ಬಂತು. "ಅವನು ಎಲ್ಲಾ ಬರೆದು ಕೊಟ್ಟುಬಿಡ್ತಿದ್ದ. ಅದನ್ನ ಓದ್ಕೊಂಡು ನೀವೇ ಮಾಡ್ಕೋಬಹುದಿತ್ತಲ್ಲ. ಮತ್ತೆ ಯಾಕೆ ತರ್ತಿದ್ರಿ ನಮ್ಮಲ್ಲಿಗೆ?"

ತಾತ ಚಿಮುಟ ಕೆಳಗಿಟ್ಟರು.

"ಓದಿದ ಮೇಲೇ ಗೊತ್ತಾಗಿದ್ದು ನನಗೆ ಎಷ್ಟು ಗೊತ್ತಿಲ್ಲ ಅಂತ. ಅದೊಂದು. ಇನ್ನೊಂದು ಹೇಳ್ತೀನಿ ಕೇಳು. ನಮ್ಮ ಕಸುಬಲ್ಲಿ ಒಬ್ಬನ ಗಡಿಯಾರ ಇನ್ನೊಬ್ಬನ ಕೈಗೆ ಕೊಡೋಕೆ ಎಲ್ಲರಿಗೂ ಭಯ. ಕೊಟ್ಟರೆ ಗಿರಾಕಿನೂ ಅವನ ಕಡೆಗೇ ಹೋಗ್ತಾನೆ. ಅದಕ್ಕೆ ಆಗದಿದ್ದರೂ ಆಗಲ್ಲ ಅನ್ನಲ್ಲ, ಇಟ್ಕೊಂಡು ಕೆಡಿಸ್ತೀವಿ. ಒಂದು ದಿನ ಒಂದು ಗಡಿಯಾರದ ಹಿಂದೆ ಈ ಚೀಟಿ ಸಿಕ್ತು. ತನ್ನ ಗುಟ್ಟು ತಾನೇ ಬಿಚ್ಚಿಡೋನು ನನ್ನ ಗಿರಾಕಿನ ಯಾಕಪ್ಪಾ ಕದೀತಾನೆ? ಅವತ್ತಿಂದ ಧೈರ್ಯವಾಗಿ ತಂದೆ. ನಾನು ಹೇಳಿದ ಮೇಲೆ ಅವರೂ ತಂದರು."

"ನಾನು ಕದ್ದೆ" ಎಂದ ತಮ್ಮ.

"ಇನ್ನೂ ಇಲ್ಲ. ಅಂಟಿಸಿದ್ದೀಯ ಅಷ್ಟೇ. ಗೋಂದು ಮಾತ್ರ ಒಳ್ಳೇದು ಹಾಕಿದ್ದೀಯ, ಕೆರೆದು ಕೆರೆದು ನನ್ನ ಉಗುರು ಹೋಯ್ತು."

ಹೊರಗೆ ಬಂದಾಗ ಅವನ ಬೆನ್ನು ನೋಯುತ್ತಿತ್ತು, ಬಗ್ಗಿ ನಿಂತದ್ದರಿಂದಲೇ ಇರಬೇಕು. ಮನೆಯವರೆಗೆ ನಡೆದೇ ಹೋದ. ದಾರಿಯುದ್ದಕ್ಕೂ ತಾನು ವರ್ಷಗಟ್ಟಲೆ ಟೋಪಿ ತಾತನಿಗೆ ಮಾಡಿದ ಭಾಷಣಗಳು ಒಂದೊಂದಾಗಿ ನೆನಪಾದವು. ಗಡಿಯಾರಕ್ಕೆ ಎಣ್ಣೆ ಏಕೆ ಬೇಕು ಎಂದು ಕೂಡ ಆತನಿಗೆ ವಿವರಿಸಿದ್ದ.

ಅಣ್ಣ ಈಗ ಎದ್ದು ಕೂರುತ್ತಿದ್ದ, ಕಪ್ಪು ಕನ್ನಡಕ ಹಾಕಿಕೊಂಡು, ಮಡಿಲಲ್ಲಿ ಕೈ ಇಟ್ಟುಕೊಂಡು, ಯಾರದೋ ಮದುವೆಯ ಮನೆಗೆ ತಪ್ಪಿ ಬಂದವನ ಹಾಗೆ. ತಮ್ಮ ಎಲ್ಲವನ್ನೂ ಹೇಳಿದ. ಹಳದಿ ಕಾಗದ, ಕೆಂಪು ಅಕ್ಷರ, ವಾಕ್ಯ, ಗೋಂದು, ಗ್ರಂಥಾಲಯ. ಅತ್ತಿಗೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ತಾತ ರಿಪೇರಿಯವರು ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು? ಗಡಿಯಾರ ಬಿಚ್ಚಿದ ಕೂಡಲೇ ಯಾರು ಕೈ ಹಾಕಿದ್ದರು ಅಂತ ತಿಳಿಯುತ್ತೆ. ತಾತ ಸ್ಕ್ರೂ ಸ್ವಲ್ಪ ಜಾಸ್ತಿ ಬಿಗಿ ಮಾಡ್ತಾರೆ. ಆ ಹೆಂಗಸು ಎಣ್ಣೆ ಹದವಾಗಿ ಹಾಕ್ತಾಳೆ, ಒಂದು ಹನಿ ಹೆಚ್ಚಿಲ್ಲ. ಮುಖ ನೋಡಿಲ್ಲ ನಾನು."

"ನನಗೆ ಹೇಳಬಾರದಿತ್ತಾ?"

"ನಿನಗೂ ಗೊತ್ತು ಅಂದ್ಕೊಂಡಿದ್ದೆ. ಅಷ್ಟು ಹೊತ್ತು ಮಾತಾಡ್ತಿದ್ದೆಯಲ್ಲ ಅವರ ಹತ್ತಿರ."

ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಗಂಭೀರವಾಗಿ, "ಲೈಬ್ರರಿಯ ಹನ್ನೊಂದು ತಗೊಂಡರೆ ಕಪಾಟು ತುಂಬುತ್ತೆ. ನಾನು ಮಾತಿಗೆ ತಪ್ಪೋಳಲ್ಲ, ತುಂಬಿದರೆ ಅಂಗಡಿ ನಿಮ್ಮದೇ. ವಾಪಸ್ ಕಳಿಸಿದರೆ ಖಾಲಿ ಕಪಾಟು. ಅದನ್ನೂ ಯೋಚನೆ ಮಾಡ್ಕೋ" ಎಂದಳು. ಅವಳು ಹೆದರಿಸುತ್ತಿರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದಳು. ಅದು ಹೆಚ್ಚು ಕಷ್ಟವಾಗಿತ್ತು.

ತಮ್ಮ ಅಣ್ಣನ ಕಡೆ ನೋಡಿದ. ಅಣ್ಣ ಹಾಗೆ ಮಾಡು, ಹೀಗೆ ಮಾಡು ಎನ್ನಲಿಲ್ಲ.

"ನಾನು ವಾಪಸ್ ಕಳಿಸಿದರೂ ಅದು ಒಳ್ಳೇತನ ಅಲ್ಲ ಅಣ್ಣಾ. ಆ ಐದು ಜನ ಮತ್ತೆ ಬರಲಿ ಅನ್ನೋ ಆಸೆಗೇ ಕಳಿಸ್ತೀನಿ. ನಿನ್ನ ಚೀಟಿ ಹಾಗಲ್ಲ."

"ನಾನು ಯಾಕೆ ಬರೀತಿದ್ದೆ ಅಂತ ನಾನೇ ಯೋಚನೆ ಮಾಡಿಲ್ಲ" ಎಂದ ಅಣ್ಣ. "ಯಾಕೆ ಬರೆದ ಅಂತ ಮುಂದಿನವನೂ ಕೇಳಲ್ಲ. ಬರೆದದ್ದು ನಿಜವಾ ಅಂತ ನೋಡ್ತಾನೆ, ಅಷ್ಟೇ. ಸ್ಪ್ರಿಂಗು ಇಳಿಸಿ ಅಂತ ಬರೆದಿದ್ದರೆ ಅವನ ಬೆರಳು ಉಳಿಯುತ್ತೆ. ನನ್ನ ಮನಸ್ಸಲ್ಲಿ ಏನಿದ್ದರೇನು?"

ಮರುದಿನ ತಮ್ಮ ಗ್ರಂಥಾಲಯಕ್ಕೆ ಹೋದ. ಎತ್ತರದ ಕೋಣೆಗಳು, ಹಳೆಯ ಕಾಗದದ ವಾಸನೆ, ಬಾಗಿಲು ಬಾಗಿಲಿಗೂ 'ಮಾತಾಡಬೇಡಿ' ಎಂಬ ಫಲಕ. ಅವನಂಥವನಿಗೆ ಅದು ಜೈಲು. ಪಿಸುಮಾತಿನಲ್ಲಿಯೇ ವಿಷಯ ಹೇಳಿದ: ಆ ಸೂಚನೆ ತಪ್ಪು, ಬರೆದವನು ತಾನೇ, ತಾತನಿಗೆ ಈ ಗಡಿಯಾರಗಳು ಗೊತ್ತಿರುವಷ್ಟು ತನಗೆ ಗೊತ್ತಿಲ್ಲ, ಕೆಲಸ ಅವರದ್ದೇ.

"ಅಚ್ಚಾಗಿತ್ತಲ್ಲ" ಎಂದರು ಆಕೆ.

"ಅಚ್ಚಾಗಿದ್ದೂ ತಪ್ಪಾಗುತ್ತೆ ಮೇಡಂ."

ಆಕೆ ಸುತ್ತಲಿನ ಹನ್ನೆರಡು ಸಾವಿರ ಪುಸ್ತಕಗಳ ಕಡೆ ಒಮ್ಮೆ ನೋಡಿ, "ಅದು ನನಗೆ ಗೊತ್ತು. ಒಪ್ಪಿಕೊಳ್ಳೋಕೆ ಬಂದವರು ನೀವೇ ಮೊದಲು" ಎಂದರು. "ಆದರೆ ಬರವಣಿಗೆಯಲ್ಲಿ ಕೊಡಿ."

ಅವನು ಏಣಿ ಹತ್ತಿ, ತಾತನ ಉಗುರಿಗೆ ಬಗ್ಗದ ಹಳದಿ ಚೀಟಿಯನ್ನು ಬಿಸಿನೀರಿನ ಬಟ್ಟೆಯಿಂದ ನೆನೆಸಿ ಕೆರೆದ. ಅಲ್ಲೇ ಮೇಜಿನ ಬಳಿ ಕೂತು, ಒಂದು ತುಂಡು ಕಾಗದದ ಮೇಲೆ ಕೈಯಲ್ಲಿ ಬರೆದ. ಅವನಂಥ ಮಾತುಗಾರನಿಗೆ ಎರಡು ಸಾಲು ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು: 'ಈ ಗಡಿಯಾರವನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಂಡವರು ಮೆಟ್ಟಿಲ ಕೆಳಗಿನ ಅಂಗಡಿಯವರು. ಅವರನ್ನೇ ಕರೆಸಿ.' ಗ್ರಂಥಪಾಲಕಿ ಓದಿ, ಕೆಳಗೆ ದಿನಾಂಕ ಹಾಕಿಸಿಕೊಂಡರು.

ಉಳಿದ ಇಪ್ಪತ್ತೊಂಬತ್ತು ಗಡಿಯಾರಗಳಿಗೂ ಅವನು ಹೀಗೇ ಅಲೆದ. ಮೊದಲು ರಿಪೇರಿಯವರ ಅಂಗಡಿಗೆ ಹೋಗಿ ಬೈಸಿಕೊಳ್ಳುವುದು, ಅವರಿಂದ ವಿಳಾಸ ಪಡೆಯುವುದು, ಆಮೇಲೆ ಆ ಮನೆಗೆ ಹೋಗಿ ಚೀಟಿ ಕೀಳುವುದು. ಒಂದು ಮನೆಯಲ್ಲಿ ಅವನನ್ನು ಕಳ್ಳನೆಂದುಕೊಂಡರು, ಇನ್ನೊಂದರಲ್ಲಿ ಗೋಡೆಗೆ ಬಣ್ಣ ಬಳಿಯಲು ಬಂದವನೆಂದುಕೊಂಡು ಅಡುಗೆಮನೆ ತೋರಿಸಿದರು. ಹೊಳೆಯಾಚೆಯ ಅಂಗಡಿಯಲ್ಲಿ ಸ್ಕೂಟರ್ ಅಕ್ಕ ಅವನ ಮಾತನ್ನು ಪೂರ್ತಿ ಕೇಳಿ, "ನೀವು ಐದು ನಿಮಿಷ ಸುಮ್ಮನಿರ್ತೀರಾ? ನಾನೂ ಬೈಯಬೇಕು" ಎಂದಳು. ಐದಲ್ಲ, ಹತ್ತು ನಿಮಿಷ ತೆಗೆದುಕೊಂಡಳು. ಅವನು ಗಡಿಯಾರ ನೋಡಿಯೇ ಹೇಳಬಲ್ಲ.

ಅಷ್ಟಾದ ಮೇಲೂ ಕಪಾಟು ಖಾಲಿಯೇ ಇತ್ತು. ಎರಡು ವಾರ, ಮೂರು ವಾರ. ಅವನು ಬಾಗಿಲು ತೆಗೆಯುತ್ತಿದ್ದ, ಗಡಿಯಾರಗಳಿಗೆ ಕೀಲಿ ಕೊಡುತ್ತಿದ್ದ, ಬಾಗಿಲು ಹಾಕುತ್ತಿದ್ದ. ಅತ್ತಿಗೆಯ ತಮ್ಮ ಒಂದು ದಿನ ಬಂದು, ಅಡ್ಡಗೋಡೆ ತೆಗೆದರೆ ಎಷ್ಟು ಜಾಗವಾಗುತ್ತದೆ ಎಂದು ಹಲಗೆ ತಟ್ಟಿ ನೋಡಿದ.

ಮೂರನೆಯ ತಿಂಗಳ ನಡುವೆ ಒಂದು ಬೆಳಿಗ್ಗೆ ಟೋಪಿ ತಾತ ಬಂದರು, ಕೈಯಲ್ಲಿ ಏನೂ ಇರಲಿಲ್ಲ. ಹೊರಗೆ ಸಾಮಾನು ಗಾಡಿಯೊಂದು ನಿಂತಿತ್ತು.

"ಲೈಬ್ರರಿಯವರು ಈ ಸಲ ಹನ್ನೊಂದನ್ನೂ ಒಟ್ಟಿಗೇ ಕೊಟ್ಟಿದ್ದಾರಪ್ಪಾ. ಆಯಮ್ಮ ಪಕ್ಕದ ಊರಿನ ಲೈಬ್ರರಿಗೂ ಕಾಗದ ಬರೆದಿದ್ದಾರೆ, ಅಲ್ಲಿಂದ ಒಂಬತ್ತು. ಮೆಟ್ಟಿಲ ಕೆಳಗೆ ಇಟ್ಟರೆ ನಾನು ಹೊರಗೆ ಕೂರಬೇಕು. ನಿಮ್ಮಲ್ಲಿ ಉದ್ದನೇ ಮೇಜಿದೆ, ಕಿಟಕಿ ಇದೆ. ಮಿಕ್ಕವರಿಗೂ ಹೇಳಿದ್ದೀನಿ, ಕೂತು ಮಾಡೋಣ ಅಂತ. ನೀನೇನಂತೀಯ?"

ತಮ್ಮ ಬಾಯಿ ತೆರೆದ, ಏನೂ ಬರಲಿಲ್ಲ. ತಲೆ ಆಡಿಸಿದ.

"ರೇಡಿಯೋ ಕೆಟ್ಟಿದೆ" ಎಂದು ತಾತ ಗಾಡಿಯವನಿಗೆ ಹೇಳಿದರು. "ಇಳಿಸಪ್ಪಾ."

ವಾರದೊಳಗೆ ಅಪ್ಪನ ಮೇಜಿನ ಐದು ಜಾಗವೂ ತುಂಬಿತು. ಯಾರಿಗೆ ಕಂಚಿನ ಬಳೆ ಕೂರಿಸುವುದು ಚೆನ್ನಾಗಿ ಬರುತ್ತದೋ ಅವರಿಗೆ ಆ ಕೆಲಸ, ಯಾರ ಕಣ್ಣು ಚುರುಕೋ ಅವರಿಗೆ ಕೂದಲೆಳೆ ಸ್ಪ್ರಿಂಗು. ಆರು ಅಂಗಡಿಗಳ ಕಷ್ಟದ ಗಡಿಯಾರಗಳು ಅಲ್ಲಿಗೇ ಬರತೊಡಗಿದವು. ಐದು ಜನ ಕೂತಿದ್ದಾರಂತೆ ಎಂದು ಕೇಳಿ, ಎಲ್ಲೆಲ್ಲೋ ಅಟ್ಟದಲ್ಲಿ ಮಲಗಿದ್ದ ಗಡಿಯಾರಗಳೂ ಎದ್ದು ಬಂದವು. ಅತ್ತಿಗೆ ಬಂದು ನೋಡಿದಳು. ಕಪಾಟು ತುಂಬಿ, ನೆಲದ ಮೇಲೂ ಸಾಲು. ಮನೆಗೆ ಹೋಗಿ ತನ್ನ ತಮ್ಮನಿಗೆ ಫೋನ್ ಮಾಡಿ, ಬೇರೆ ಜಾಗ ನೋಡಿಕೋ ಎಂದಳು. ಕೆಲಸ ಹೆಚ್ಚಾದಂತೆ ಕೌಂಟರಿನಲ್ಲಿದ್ದ ತಮ್ಮನಿಗೂ ಒಂದು ಚಿಮುಟ ಕೊಟ್ಟರು. ಅವನು ತನ್ನ ಮೊದಲ ಚೀಟಿ ಬರೆದಾಗ ತಾತ ಓದಿ, "ಉದ್ದ ಆಯ್ತು" ಎಂದರು.

ಮೂರು ತಿಂಗಳು ಮುಗಿದ ದಿನ ಅಣ್ಣ ಯಾರಿಗೂ ಹೇಳದೆ ಅಂಗಡಿಗೆ ಹೊರಟ. ದಪ್ಪ ಗಾಜಿನ ಹೊಸ ಕನ್ನಡಕ, ನಿಧಾನವಾದ ನಡಿಗೆ. ಕೌಂಟರಿನಲ್ಲಿ ಯಾರೂ ಇರಲಿಲ್ಲ. ತಮ್ಮ ಎಲ್ಲರಿಗೂ ಚಹಾ ತರಲು ಹೋಗಿದ್ದ. ಅಡ್ಡಗೋಡೆಯಾಚೆ ಐದಾರು ದನಿಗಳು, ಚಕ್ರ ಉಜ್ಜುವ ಸದ್ದು, ನಗು. ಅಣ್ಣ ಅಲ್ಲೇ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ಅಡ್ಡಗೋಡೆಯ ಪಕ್ಕದಿಂದ ಇಣುಕಿದ. ಅವನ ಮೂಲೆಯಲ್ಲಿ ಒಬ್ಬ ಹೆಂಗಸು ಕೂತು, ಸೂಜಿಯ ತುದಿಯಿಂದ ಎಣ್ಣೆ ಬಿಡುತ್ತಿದ್ದಳು. ಒಂದು ಹನಿ ಹೆಚ್ಚಿರಲಿಲ್ಲ.

ಅವಳು ತಲೆ ಎತ್ತಲಿಲ್ಲ. "ರಿಪೇರಿಗಾ, ಬ್ಯಾಟರಿಗಾ ಸ್ವಾಮಿ?"

"ರಿಪೇರಿಗೆ" ಎಂದ ಅಣ್ಣ.

"ಸ್ವಲ್ಪ ಕಾಯಬೇಕಾಗುತ್ತೆ. ಮುಂದೆ ಬೆಂಚಿದೆ, ಕೂತಿರಿ."

ಅಣ್ಣ ಹೋಗಿ ಗಿರಾಕಿಗಳ ಬೆಂಚಿನ ಮೇಲೆ ಕೂತ. ಇಷ್ಟು ವರ್ಷದಲ್ಲಿ ಅವನು ಆ ಬೆಂಚಿನ ಮೇಲೆ ಕೂತಿರಲಿಲ್ಲ. ಅಲ್ಲಿಂದ ನೋಡಿದರೆ ಇಡೀ ಗೋಡೆ ಒಟ್ಟಿಗೆ ಕಾಣುತ್ತಿತ್ತು. ಅವನು ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಗಡಿಯಾರದ ಮುಳ್ಳನ್ನು ಓದಲು ಶುರುಮಾಡಿದ.